ಮೆಂತ್ಯದೆಣ್ಣೆ

ಚಿಕ್ಕಂದಿನಲ್ಲಿ ಅಜ್ಜಿಯ ಮಡಿಲಲ್ಲಿ ಮೂಗಿಗೆ ಬಡಿಯುತ್ತಿದ್ದ ಮೆಂತ್ಯದೆಣ್ಣೆಯ ವಾಸನೆಯೇ ಈಗ ಚಂಪಾಳಿಗೆ ಕಾವಲು. ಅಂಧ ಹುಡುಗಿಯರ ಆ ವಸತಿ ಶಾಲೆಯಲ್ಲಿ ವಾರ್ಡನ್ ಅಮ್ಮ ಒಬ್ಬರೇ ತಲೆಗೆ ಅದನ್ನು ಹಚ್ಚುತ್ತಿದ್ದರು. ವಾಸನೆ ಬಂದರೆ ಬಾಯಿ ಮುಚ್ಚಬೇಕು, ಅಷ್ಟೆ.

ನೆಗಡಿಯಾಗಿ ಮೂಗು ಕಟ್ಟಿದ್ದ ಗುರುವಾರ ವಾರ್ಡನ್ ಅಮ್ಮನ ದನಿಯನ್ನು ಅಣಕಿಸಲು ಹೋಗಿ ಅವರ ಕೈಗೇ ಸಿಕ್ಕಿಬಿದ್ದಿದ್ದಳು. ಶನಿವಾರ ಅವಳಿಗೆ ಒಬ್ಬಟ್ಟಿಲ್ಲವೆಂದು ಶಿಕ್ಷೆಯಾಯಿತು.

ಶನಿವಾರ ಎಲ್ಲರಿಗೂ ತಲೆಸ್ನಾನ. ಊಟದ ಮನೆಯ ತುಂಬ ಸೀಗೆಕಾಯಿಯ ಘಮ. ಚಂಪಾ ಮೂಗರಳಿಸಿದಳು. ಮೆಂತ್ಯದ ಸುಳಿವೇ ಇಲ್ಲ. ಪಕ್ಕದಲ್ಲಿ ಯಾರೋ ಸದ್ದಿಲ್ಲದೆ ಬಂದು ಕುಳಿತರು. ನಿನ್ನೆ ಸೇರಿದ, ಇನ್ನೂ ಬಾಯಿಬಿಡದ ಹೊಸ ಹುಡುಗಿ ಇರಬೇಕು.

“ತಟ್ಟೇಲಿ ಏನೇನು ಎಲ್ಲೆಲ್ಲಿದೆ ಅಂತ ವಾರ್ಡನ್ ಅಮ್ಮ ಹೇಗೆ ಹೇಳ್ತಾರೆ ಗೊತ್ತೇನೇ?” ಎಂದು ಅವಳತ್ತ ವಾಲಿ ದನಿ ದಪ್ಪ ಮಾಡಿದಳು. “ಬಲಕ್ಕೆ ಪಲ್ಯ, ಎಡಕ್ಕೆ ಉಪ್ಪಿನಕಾಯಿ, ನಡುವೆ ನಿಮ್ಮ ಹಣೆಬರಹ!”

ಸಾಲಿಗೆ ಸಾಲೇ ನಕ್ಕಿತು. ಪಕ್ಕದವಳೂ ಕಿಸಕ್ಕೆಂದಳು.

“ನಗು, ನಗು. ನಿನಗೇನಮ್ಮ, ಒಬ್ಬಟ್ಟಿದೆ. ನನಗೆ ಬರೀ ಅನ್ನ ಸಾರು. ಹೂರಣದ ವಾಸನೆಗೆ ಬೆಳಿಗ್ಗೆಯಿಂದ ಹೊಟ್ಟೆ ಚುರುಗುಟ್ತಿದೆ ಕಣೇ.”

ಪಕ್ಕದಿಂದ ಒಂದು ತಟ್ಟೆ ಮೆಲ್ಲಗೆ ಜರುಗಿ ಬಂದು ಅವಳ ತಟ್ಟೆಗೆ ತಾಗಿತು. ಬೇರೆ ಯಾರಿಗೂ ಕೇಳದಷ್ಟು ಮೆತ್ತಗೆ, ಅದೇ ದಪ್ಪ ದನಿ ಕಿವಿಯಲ್ಲಿ ಹೇಳಿತು: “ಬಲಕ್ಕೆ ಒಬ್ಬಟ್ಟು, ಎಡಕ್ಕೆ ತುಪ್ಪ, ನಡುವೆ ನನ್ನ ಹಣೆಬರಹ. ಶನಿವಾರ ನನಗೂ ತಲೆಸ್ನಾನ ಕಣೇ, ತಿನ್ನು.”