ಭಾನುವಾರದ ಹಡಗಿನಲ್ಲಿ ಅಜ್ಜ

ಎಫಿ ಬುಕನನ್ ಭೂತಗನ್ನಡಿಯನ್ನು ಎತ್ತಿ, ಏಪ್ರನ್ನಿನ ತುದಿಯಿಂದ ಒರೆಸಿ, ಮತ್ತೆ ಪೋಸ್ಟ್‌ಕಾರ್ಡಿನ ಮೇಲಿಟ್ಟು ನೋಡಿದಳು. ಅನುಮಾನವೇ ಇರಲಿಲ್ಲ. ‘ಹೀದರ್ ಕ್ವೀನ್’ ಸ್ಟೀಮರಿನ ಡೆಕ್ಕಿನ ಮೇಲೆ, ಬಾಟಲಿ ಹಿಡಿದ ಗ್ಲಾಸ್ಗೋ ಹುಡುಗರ ನಡುವೆ, ಎದೆಯವರೆಗೆ ಗಡ್ಡ ಬಿಟ್ಟ ಅವಳ ಅಜ್ಜ ನಿಂತಿದ್ದ. ಬಲಗೈ ಮೇಲೆತ್ತಿ, ಅಂಗೈ ತೋರಿಸಿ, ದಡದಲ್ಲಿದ್ದ ಯಾರಿಗೋ ಖುಷಿಯಾಗಿ ಕೈ ಬೀಸುತ್ತಿದ್ದ. ಕೆಳಗೆ ಅಚ್ಚಾಗಿತ್ತು: ‘ಭಾನುವಾರದ ವಿಹಾರ, ಕಿಲ್‌ಮೋರನ್’.

“ಸಿಕ್ಕಿಬಿದ್ದ ಕಣೋ ಮುದುಕ,” ಅಂದಳು.

ಕಾರ್ಡು ಎದುರಿಗೆ ಕೂತಿದ್ದ ಪಕ್ಕದ ಮನೆಯ ಹೆಕ್ಟರ್ ಲಾಮಂಟ್‌ನದು. ಭೂಗೋಳದ ಮೇಷ್ಟರಾಗಿ ನಿವೃತ್ತನಾದ ಹೆಕ್ಟರ್ ಹಳೆಯ ಸ್ಟೀಮರುಗಳ ಕಾರ್ಡು ಬಿಟ್ಟು ಬೇರೇನನ್ನೂ ಕೂಡಿಸಿದವನಲ್ಲ. ಅವನು ನೋಡುತ್ತಿದ್ದದ್ದು ಹೊಗೆಕೊಳವೆಯ ಬಣ್ಣವನ್ನು. ಮನುಷ್ಯರು ಅವನ ಪಾಲಿಗೆ ಹಡಗಿಗೆ ಅಡ್ಡ ನಿಂತವರು. ಹಾಗಾಗಿ ಇಷ್ಟು ವರ್ಷ ಆ ಗಡ್ಡ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಆರ್ಚಿಬಾಲ್ಡ್ ಬುಕನನ್ ಚರ್ಚಿನ ಹಿರಿಯನಾಗಿದ್ದ. ದೇವರ ದಿನದಂದು ದುಡ್ಡು ಕೊಟ್ಟು ಮಜಾ ಮಾಡಲು ಬರುವ ಹಡಗುಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬೇಸಿಗೆಯ ಪ್ರತಿ ಭಾನುವಾರ ಕಿಲ್‌ಮೋರನ್ನಿನಲ್ಲಿ ಹಡಗು ನಿಲ್ಲುವ ಧಕ್ಕೆಯ ಗೇಟಿಗೆ ಬೀಗ ಹಾಕಿ, ಅದರ ಮುಂದೆ ಕೈಯೆತ್ತಿ ನಿಂತು, ಬಂದ ಹಡಗನ್ನು ವಾಪಸು ಕಳಿಸುತ್ತಿದ್ದ. ನಾಳೆ ಅದೇ ಧಕ್ಕೆಯಲ್ಲಿ ಅವನ ಹೆಸರಿನ ಕಲ್ಲುಬೆಂಚಿನ ಅನಾವರಣ. ಹಿತ್ತಾಳೆ ಫಲಕದಲ್ಲಿ ‘ಭಾನುವಾರವನ್ನು ಕಾಯ್ದವನು’ ಎಂದು ಕೊರೆಸಿಯಾಗಿತ್ತು. ಅನಾವರಣವೂ ಭಾನುವಾರವೇ. ಬೇರೆ ದಿನ ಇಟ್ಟರೆ ಹಡಗಿನಲ್ಲಿ ಅಷ್ಟು ಜನ ಬರುವುದಿಲ್ಲ ಎಂಬುದು ಪಾದ್ರಿಗಳ ಅಂದಾಜು. ಮುದುಕನ ಮನೆಯಲ್ಲಿ ಉಂಡವರ ಪೈಕಿ ಬದುಕಿದ್ದವಳು ಎಫಿ ಒಬ್ಬಳೇ ಆದ್ದರಿಂದ ಭಾಷಣ ಅವಳ ಪಾಲಿಗೆ ಬಂದಿತ್ತು.

ಏಳು ವರ್ಷದವಳಿದ್ದಾಗ ಒಂದು ಭಾನುವಾರ ಸಿಳ್ಳೆ ಹಾಕಿದ್ದಕ್ಕೆ ಅಜ್ಜ ಅವಳನ್ನು ರಾತ್ರಿ ಉಪವಾಸ ಮಲಗಿಸಿದ್ದ. ಆ ಹಸಿವಿಗೆ ಉತ್ತರ ಕೊಡಲು ಈಗ ಕೈಯಲ್ಲೊಂದು ಕಾರ್ಡು ಸಿಕ್ಕಿತ್ತು. ಬೆಂಚಿನ ಪಕ್ಕ ನಿಂತು ಇದನ್ನು ಎಲ್ಲರಿಗೂ ತೋರಿಸುತ್ತೇನೆ, ಆಮೇಲೆ ಫಲಕ ಇಟ್ಟುಕೊಳ್ಳುವುದೋ ಕಿತ್ತುಹಾಕುವುದೋ ಪಾದ್ರಿಗಳೇ ನೋಡಿಕೊಳ್ಳಲಿ ಎಂದಳು. ಪೂರ್ತಿ ಪರಿಶೀಲಿಸದೆ ಏನನ್ನೂ ಹೇಳಬಾರದು ಎಂದು ಹೆಕ್ಟರ್ ಗೊಣಗಿ ಮನೆಗೆ ಹೋದ.

ಮರುದಿನ ಬೆಳಿಗ್ಗೆ ಅವಳು ಗಂಜಿ ಕುಡಿಯುತ್ತಿದ್ದಾಗ ಇನ್ನೊಂದು ಕಾರ್ಡು ಹಿಡಿದು ಬಂದ. ಅದೇ ಹಡಗು, ಅದೇ ಪ್ರಕಾಶಕರು, ಆದರೆ ಮೊದಲನೆಯದಕ್ಕಿಂತ ಎರಡು ವರ್ಷ ಹಳೆಯದು. ಇದರಲ್ಲಿ ಅಜ್ಜ ಡೆಕ್ಕಿನ ಮೇಲಿರಲಿಲ್ಲ. ಮುಚ್ಚಿದ ಗೇಟಿನ ಮುಂದೆ ಇದ್ದ. ಕೋಟಿನ ಅದೇ ಸುಕ್ಕು, ಎತ್ತಿದ ಅದೇ ಕೈ. ಡೆಕ್ಕು ಖಾಲಿ ಕಂಡರೆ ಕಾರ್ಡು ಮಾರಾಟವಾಗುವುದಿಲ್ಲವೆಂದು ಒಂದು ಚಿತ್ರದ ಜನರನ್ನು ಕತ್ತರಿಸಿ ಇನ್ನೊಂದಕ್ಕೆ ಅಂಟಿಸುವುದು ಆಗ ಮಾಮೂಲಾಗಿತ್ತು ಎಂದು ಹೆಕ್ಟರ್ ವಿವರಿಸಿದ. ಅಚ್ಚು ಹಾಕಿ ಬಣ್ಣ ತುಂಬುತ್ತಿದ್ದದ್ದು ಜರ್ಮನಿಯಲ್ಲಿ; ಅಲ್ಲಿಯವರಿಗೆ ಆರ್ಚಿಬಾಲ್ಡ್ ಬುಕನನ್ ಒಂದು ಒಳ್ಳೆಯ ಗಡ್ಡ, ಅಷ್ಟೆ. ಮೊದಲ ಕಾರ್ಡಿನಲ್ಲಿ ಎಲ್ಲರ ನೆರಳೂ ಬಲಕ್ಕೆ ಬಿದ್ದಿತ್ತು, ಅಜ್ಜನದು ಎಡಕ್ಕೆ.

“ನಿಮ್ಮಜ್ಜ ಹಡಗು ಹತ್ತಲಿಲ್ಲ, ಎಫಿ. ಕತ್ತರಿ ಹತ್ತಿಸ್ತು.”

“ಇದನ್ನ ನಾಳೆ ತಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?”

“ಗೊತ್ತಿದ್ದೂ ಸುಮ್ನಿದ್ದಂಗೆ ಆಗ್ತಿತ್ತು.”

“ನೀನೇ ಅವನ ಮೊಮ್ಮಗ ಆಗ್ಬೇಕಿತ್ತು. ಇಬ್ರೂ ಚೆನ್ನಾಗಿ ಉಪವಾಸ ಕೂತಿರ್ತಿದ್ರಿ.”

ಗಂಜಿ ತಣ್ಣಗಾಯಿತು. ಎಫಿ ಹಟಕ್ಕೆ ಬಿದ್ದವಳಂತೆ ಎರಡನೇ ಕಾರ್ಡಿನ ಮೇಲೂ ಭೂತಗನ್ನಡಿ ಆಡಿಸಿದಳು. ಅಜ್ಜನನ್ನು ದಾಟಿ, ನೀರನ್ನು ದಾಟಿ, ಅದು ಹಡಗಿನ ಮೇಲೆ ನಿಂತಿತು.

“ಇಲ್ಲಿರೋ ಜನಾನ ನೋಡಿದ್ಯಾ?”

“ಜನಾನ ನಾನು ನೋಡೋದಿಲ್ಲ.”

“ಇವತ್ತೊಂದಿನ ನೋಡು, ಪಾಪ ಬರಲ್ಲ.”

ಹೆಕ್ಟರ್ ಬಗ್ಗಿ ನೋಡಿದ. ಡೆಕ್ಕಿನ ತುಂಬ ಜನ. ಟೊಪ್ಪಿ, ಕರವಸ್ತ್ರ, ಬಾಟಲಿ, ಯಾರದೋ ಹೆಗಲೇರಿದ್ದ ಮಗುವಿನ ಕೈ, ಎಲ್ಲವೂ ಮೇಲೆದ್ದಿದ್ದವು. ಎಲ್ಲರ ಮುಖವೂ ಧಕ್ಕೆಯ ಕಡೆಗಿತ್ತು. ಧಕ್ಕೆಯಲ್ಲಿ ಅಜ್ಜನ ಹೊರತು ನರಪಿಳ್ಳೆ ಇರಲಿಲ್ಲ. ಹೆಕ್ಟರ್ ನೆರಳುಗಳನ್ನು ಒಂದೊಂದಾಗಿ ನೋಡಿ, ಇದರಲ್ಲಿ ಯಾರನ್ನೂ ಅಂಟಿಸಿಲ್ಲ ಎಂದ.

ಮಧ್ಯಾಹ್ನ ಧಕ್ಕೆಯಲ್ಲಿ ಪಾದ್ರಿಗಳು ಬಟ್ಟೆ ಸರಿಸಿದರು, ಫಲಕ ಹೊಳೆಯಿತು. ತನ್ನ ಅಜ್ಜ ಒಂದು ಭಾನುವಾರವೂ ವಿಹಾರದ ಹಡಗು ಹತ್ತಿದವನಲ್ಲ, ಇದಕ್ಕೆ ಸಾಕ್ಷಿಯಿದೆ ಎಂದಷ್ಟೇ ಹೇಳಿ ಎಫಿ ಕೂತುಬಿಟ್ಟಳು. ಹಿರಿಯರು ತಲೆದೂಗಿದರು. ಅಷ್ಟರಲ್ಲಿ ಭೂಶಿರದ ಆಚೆಯಿಂದ ಭಾನುವಾರದ ಇನ್ನೊಂದು ಸ್ಟೀಮರ್ ಬಂತು. ಎಫಿ ಎದ್ದು ಧಕ್ಕೆಯ ಅಂಚಿಗೆ ಹೋಗಿ, ಮುಖ ಗಂಟಿಕ್ಕಿಕೊಂಡು, ನಿಲ್ಲಿಸಿ ಎನ್ನುವಂತೆ ಬಲಗೈ ಎತ್ತಿ ಅಂಗೈ ತೋರಿಸಿದಳು.

ಹಡಗಿನ ಒಂದು ಬದಿಗೆ ಬದಿಯೇ ಅವಳತ್ತ ಕೈ ಬೀಸಿತು.

ಪಾದ್ರಿಗಳು ನಕ್ಕು, ಎಷ್ಟು ಪ್ರೀತಿ ನೋಡಿ ಅಂದರು. ಎಫಿ ಕೈ ಇಳಿಸಲಿಲ್ಲ.

“ಧಕ್ಕೆಯಿಂದ ಮನೆಗೆ ಬಂದಾಗ ಅಜ್ಜನ ಮುಖ ಅರಳಿರ್ತಿತ್ತು. ನಾವೆಲ್ಲ ದೇವರ ದಯೆ ಅಂದ್ಕೊಂಡಿದ್ವಿ,” ಅಂದಳು ಪಕ್ಕಕ್ಕೆ ಬಂದು ನಿಂತ ಹೆಕ್ಟರ್‌ಗೆ. “ನಾನು ಸಿಳ್ಳೆ ಹಾಕಿದ ದಿನ ಮಂಜು ಕವಿದಿತ್ತು ಕಣೋ. ಹಡಗು ಬಂದಿರಲಿಲ್ಲ.”