ನಕ್ಷೆಯ ಪ್ರಕಾರ ಸತ್ತವರು

ಸಾಯಬೇಕಾಗಿದ್ದ ಯೀಸ್ಟ್ ಸಾಯದೆ ಸಂಶೋಧಕಿಯ ಮಾನ ಕಳೆಯಲು ನಿಂತಿತ್ತು. ಗಾಜಿನ ತಟ್ಟೆಯ ಮುಚ್ಚಳ ತೆಗೆದರೆ ಬೆಳ್ಳಗಿನ ಚುಕ್ಕೆಗಳು ಮೈಕೈ ತುಂಬಿಕೊಂಡು ದುಂಡುದುಂಡಗೆ ಕೂತಿದ್ದವು. ಹನ್ನೊಂದು ಗಂಟೆಗೆ ಅವಳ ಪಿಎಚ್.ಡಿ. ಪರೀಕ್ಷಕರು ಬರುವವರಿದ್ದರು.

ಐದು ವರ್ಷ ಕಂಪ್ಯೂಟರಿನ ಮುಂದೆ ಕೂತು ಅವಳು ಯೀಸ್ಟಿನ ಒಳಗುಟ್ಟಿನ ನಕ್ಷೆ ಬರೆದಿದ್ದಳು. ಹೊರಗೆ ಉಪ್ಪು ಹೆಚ್ಚಾದರೆ ಜೀವಕೋಶದೊಳಗೆ ಯಾರು ಯಾರಿಗೆ ಸುದ್ದಿ ಮುಟ್ಟಿಸುತ್ತಾರೆ, ಯಾವ ಜೀನ್ ಎದ್ದು ಕೂರುತ್ತದೆ, ಯಾವುದು ಮಲಗುತ್ತದೆ, ಎಲ್ಲಕ್ಕೂ ಸೇರಿ ನಾನೂರ ಹನ್ನೆರಡು ಬಾಣಗಳು. ನಡುವಿನ ಒಂದು ಜೀನ್ ತೆಗೆದು ಉಪ್ಪು ಹಾಕಿದರೆ ನಾಲ್ಕು ಗಂಟೆಯೊಳಗೆ ಒಂದೂ ಬದುಕುವುದಿಲ್ಲ ಎಂದು ನಕ್ಷೆ ಹೇಳುತ್ತಿತ್ತು. ಲ್ಯಾಬಿನಲ್ಲಿ ಯೀಸ್ಟ್ ಸಾಕುವ ಅಕ್ಕ ಜೀನ್ ತೆಗೆದಿದ್ದರು, ಉಪ್ಪೂ ಹಾಕಿದ್ದರು. ಇವತ್ತಿಗೆ ಮೂರನೇ ದಿನ.

"ಜೀನ್ ನಿಜವಾಗ್ಲೂ ತೆಗೆದಿದೀರಾ?" ಅವಳ ಗೈಡ್ ಆಗಿದ್ದ ಪ್ರೊಫೆಸರ್ ಅಕ್ಕನನ್ನು ಕೇಳಿದರು.

"ಮೂರು ಸಲ ನೋಡಿದೀನಿ ಸಾರ್, ಇಲ್ಲವೇ ಇಲ್ಲ," ಎಂದರು ಅಕ್ಕ. "ಆದ್ರೂ ಆರಾಮಾಗಿ ಬೆಳೀತಾ ಇವೆ."

"ಅದು ಬೆಳೆಯೋದಲ್ಲಮ್ಮ, ಸಾಯೋಕೆ ಸ್ವಲ್ಪ ತಡ ಮಾಡ್ತಿವೆ. ನಾನೂರು ಬಾಣ ಸುಳ್ಳು ಹೇಳ್ತವಾ? ಯೀಸ್ಟಿಂದೇ ತಪ್ಪು." ಹಾಗೆಂದವರೇ ವರದಿಯಲ್ಲಿ 'ಎಲ್ಲವೂ ಮೃತ' ಎಂದು ಬರೆದು ಸಂಶೋಧಕಿಯ ಮುಂದಿಟ್ಟರು.

"ಸಾರ್, ನನ್ನ ನಕ್ಷೇಲೇ ಯಾವುದೋ ದಾರಿ ಬಿಟ್ಟುಹೋಗಿರ್ಬೇಕು. ಆರು ತಿಂಗಳು ಕೊಟ್ರೆ ಹುಡುಕ್ತೀನಿ."

"ಇನ್ನೂ ಆರು ತಿಂಗಳು ಅಂತ ನಿಮ್ಮಮ್ಮಂಗೆ ನೀನೇ ಹೇಳ್ತೀಯಾ?"

ಅಮ್ಮ ಆಗಲೇ ನೆಂಟರಿಷ್ಟರಿಗೆಲ್ಲ ಮಗಳು ಡಾಕ್ಟರಾದಳು ಎಂದು ಡಂಗುರ ಸಾರಿ ಆಗಿತ್ತು. ಅವಳಿಗೆ ನಾಚಿಕೆಯಾಯಿತು. ಅಕ್ಕನ ಮುಖ ನೋಡಲಾಗದೆ, ತಲೆ ತಗ್ಗಿಸಿಕೊಂಡೇ ಸಹಿ ಹಾಕಿದಳು.

ಪರೀಕ್ಷಕರು ಒಂದು ಗಂಟೆ ನಕ್ಷೆ, ವರದಿ ಎರಡನ್ನೂ ನೋಡಿ ತಲೆದೂಗಿದರು. ಕೊನೆಗೆ ತಟ್ಟೆ ತರಿಸಿ ತಾವೇ ಮುಚ್ಚಳ ತೆಗೆದರು. ಕೆಟ್ಟೆ ಎಂದುಕೊಂಡಳು ಅವಳು. ಅವರು ಕನ್ನಡಕ ಸರಿಮಾಡಿಕೊಂಡು, ಕೊಬ್ಬಿದ ಚುಕ್ಕೆಗಳನ್ನು ನೋಡಿ, "ಅಯ್ಯೋ ಪಾಪ, ಇಷ್ಟೊಂದಾ!" ಎಂದು ಲೊಚಗುಟ್ಟಿದರು. ಆಮೇಲೆ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದರು. ಪ್ರೊಫೆಸರೂ ಎದ್ದರು. ಅವಳೂ ಏಳಲೇಬೇಕಾಯಿತು.

ಅಭಿನಂದನೆ, ಕೈಕುಲುಕಾಟ, ಫೋಟೋ ಎಲ್ಲ ಮುಗಿದು ಅವಳು ಹೊರಗೆ ಬರುವಾಗ ಅಕ್ಕ ಅದೇ ತಟ್ಟೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು.

"ಡಾಕ್ಟ್ರಮ್ಮಾ, ಸತ್ತವರಿಗೆ ಇದ್ರಲ್ಲಿ ಜಾಗ ಸಾಲ್ತಿಲ್ಲ. ದೊಡ್ಡ ತಟ್ಟೆ ಕೊಡ್ಲಾ?"