ಹಾಡದ ಪಾಟಾ

ಸುಟ್ಟ ಗ್ರೀಸಿನ ವಾಸನೆ ಬಂದರೆ ಇಂದಿಗೂ ಮೊಮ್ಮಗಳನ್ನು ಕೂಗುತ್ತೇನೆ, ಅವಳು “ಯಾಕಜ್ಜಾ?” ಅಂದರೆ ಸಾಕು, ಎದೆ ತುಂಬಿ ಬರುತ್ತದೆ.

ಆಗ ಅವಳಿಗೆ ಆರು ವರ್ಷ. ದಿಗ್ಗೇವಾಡಿಯ ಅಂಗಳದಲ್ಲಿ ಮಗ ತಾನೇ ಕಟ್ಟಿದ ಜೀಪನ್ನು ಎತ್ತರಿಸಲು ಸ್ಪ್ರಿಂಗಿಗೆ ಇನ್ನೊಂದು ಪಾಟಾ, ಅಂದರೆ ಉಕ್ಕಿನ ಪಟ್ಟಿ, ಮುರಿದದ್ದನ್ನೇ ವೆಲ್ಡಿಂಗ್ ಮಾಡಿ ಸೇರಿಸಿದ್ದ; ಅದರ ಗ್ರೀಸು ಸುಟ್ಟು ನಾರುತ್ತಿತ್ತು.

“ಪಾಟಾಕ್ಕ ಬೆಂಕಿ ತೋರಿಸಬ್ಯಾಡೋ, ಅದರ ಜೀವ ಹೋಗತೈತಿ,” ಎಂದೆ.

“ನೀ ಚಕ್ಕಡಿ ಕಾಲದಾಂವ, ಸುಮ್ಮ ಕುಂಡ್ರ ಯಪ್ಪಾ!” ಎಂದು ನಕ್ಕ.

ಜಾಕ್ ಮೇಲೆ ಎತ್ತಿ ನಿಲ್ಲಿಸಿದ್ದ ಜೀಪಿನಡಿ, ಗಾಲಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದ ಮೊಮ್ಮಗಳು, ಸಂತೆಯಲ್ಲಿ ನಾನು ಒಡಕು ತಿಳಿಯಲು ಗಡಿಗೆ ಬಡಿದು ನೋಡುವಂತೆ, ನಟ್ಟು ಬಿಗಿಯುವ ಪಾನಾದಿಂದ ಒಂದೊಂದೇ ಪಾಟಾ ಬಡಿದಳು.

“ಅಜ್ಜಾ, ಎಲ್ಲಾ ಹಾಡತಾವು, ಇದೊಂದು ಹಾಡವಲ್ದು.”

ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡೆ. ಮಗ ಜಾಕ್ ಇಳಿಸಿದ. ಪಾಟಾ ಫಟ್ಟನೆ ಮುರಿದು ಜೀಪು ಕುಸಿಯಿತು. ಅವಳ ಮಣೆ ಅದರಡಿ ಚೂರಾಯಿತು.

ಮಗ ಅವಳ ಎರಡೂ ಪಾದಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ. ಅವಳು ಕಚಗುಳಿಯಾಗಿ ನಗುತ್ತಿದ್ದಳು.